ಕೇಳಿ, ಭಾಷಾವಿಜ್ಞಾನಿ ಹೇಳುತ್ತಾರೆ: ಡಿಎನ್‌ಎ, ಮಾತು ಮತ್ತು ಹಳೇ ವಲಸೆಗಳು

ಅಡ್ಮಿನ್: ಇವತ್ತು ಸಂಜೆ ಭಾಷಾವಿಜ್ಞಾನದ ಮೇಡಂ ನಮ್ಮ ಜೊತೆ ಇರುತ್ತಾರೆ. ಬರವಣಿಗೆ ಇಲ್ಲದ ಕಾಲದಲ್ಲಿ ಜನ ಎಲ್ಲಿಂದ ಎಲ್ಲಿಗೆ ಹೋದರು ಅನ್ನೋದನ್ನು ಡಿಎನ್‌ಎಯಿಂದ, ಭಾಷೆಯಿಂದ ಹೇಗೆ ತಿಳಿಯುತ್ತಾರೆ? ಅದೇ ವಿಷಯ. ಜಾತಿ ಜಗಳ ಬೇಡ.

ಬಿಸಿಲೂರು: ಮೇಡಂ ನಮಸ್ಕಾರ. ಆರ್ಯರು ಹೊರಗಿನಿಂದ ಬಂದವರಾ, ಇಲ್ವಾ? ಒಂದೇ ಮಾತಲ್ಲಿ ಹೇಳಿ.

ಮೇಡಂ: ನಮಸ್ಕಾರ. ಒಂದೇ ಮಾತಲ್ಲಿ ಆಗುವುದಿಲ್ಲ. 523 ಪ್ರಾಚೀನ ಜನರ ಡಿಎನ್‌ಎ ಓದಿದ ಅಧ್ಯಯನ 2019ರಲ್ಲಿ ಬಂತು. ಯುರೇಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶ ಕ್ರಿ.ಪೂ. 2000ದಿಂದ 1500ರ ನಡುವೆ ದಕ್ಷಿಣ ಏಷ್ಯಾಕ್ಕೆ ಬಂತು ಎಂದು ಅದು ಹೇಳುತ್ತದೆ. ಇಂಡೋ-ಆರ್ಯನ್ ಭಾಷೆಗಳು (ಸಂಸ್ಕೃತ, ಹಿಂದಿಯಂಥವು) ಅವರ ಜೊತೆ ಬಂದವು ಎಂಬ ಭಾಷಾವಿಜ್ಞಾನದ ಮಾತಿಗೆ ಇದು ಹೊಂದುತ್ತದೆ. ಆದರೆ 'ಆರ್ಯ' ಅನ್ನೋದು ರಕ್ತದ ಹೆಸರಲ್ಲ.

ಕಡಲತಡಿ: ಇದು ಫ್ಯಾಮಿಲಿ ಗ್ರೂಪಿಗೆ ಬಂದಿದ್ದು: 'ರಾಖಿಗಢಿಯ ಅಸ್ಥಿಪಂಜರ ಕನ್ನಡ ಮಾತಾಡುವವರದ್ದು, ಡಿಎನ್‌ಎಯಿಂದ ಸಾಬೀತು, ಎಲ್ಲರಿಗೂ ಕಳಿಸಿ.' ನಿಜಾನಾ?

ಮೇಡಂ: ಸುಳ್ಳು. ಯಾರಿಗೂ ಕಳಿಸಬೇಡಿ. ಹರಿಯಾಣದ ರಾಖಿಗಢಿ ಸಿಂಧೂ ನಾಗರಿಕತೆಯ ಊರು. ಅಲ್ಲಿ ಡಿಎನ್‌ಎ ಸಿಕ್ಕಿದ್ದು ಒಬ್ಬ ಹೆಂಗಸಿನದು ಮಾತ್ರ. ಅವಳಲ್ಲಿ ಹುಲ್ಲುಗಾವಲಿನ ಅಂಶ ಇರಲಿಲ್ಲ. ಅವಳು ಯಾವ ಭಾಷೆ ಮಾತಾಡುತ್ತಿದ್ದಳು ಅಂತ ಮೂಳೆ ಹೇಳುವುದಿಲ್ಲ. ಸಿಂಧೂ ಲಿಪಿಯನ್ನೂ ಇನ್ನೂ ಓದಲಾಗಿಲ್ಲ.

ಅಡಿಕೆತೋಟ: ಪಾಕಿಸ್ತಾನದ ಬಲೂಚಿಸ್ತಾನದಲ್ಲಿ ಬ್ರಾಹೂಯಿ ಅಂತ ನಮ್ಮ ದ್ರಾವಿಡ ಭಾಷೆಗಳ ನೆಂಟ ಇದೆಯಂತೆ. ಅಷ್ಟು ದೂರ ಹೇಗೆ ಹೋಯಿತು?

ಮೇಡಂ: ಈ ಪ್ರಶ್ನೆಗೇ ಕಾಯುತ್ತಿದ್ದೆ. ಇಪ್ಪತ್ತು ವರ್ಷದಿಂದ ನನ್ನ ನಿದ್ದೆ ಕೆಡಿಸಿದ ಭಾಷೆ ಇದು.

ಮೊದಲು ಮಾತು ನೋಡಿ. ನಮ್ಮ ಕಣ್ಣು ಅಲ್ಲಿ ಖನ್, ಕಲ್ಲು ಖಲ್. ಆ ಖ ಗಂಟಲಿಂದ ಬರುತ್ತದೆ. ನೀರು ದೀರ್, ನೆತ್ತರು ದಿತರ್. ಸುಮ್ನೆ ಒಂದೊಂದು ಪದ ಹೋಲುತ್ತಿಲ್ಲ, ಬದಲಾವಣೆಗೆ ಕ್ರಮ ಇದೆ. ನೆಂಟಸ್ತನಕ್ಕೆ ಇದೇ ಸಾಕ್ಷಿ. ಎಣಿಕೆ ಅಸಿಟ್, ಇರಟ್, ಮುಸಿಟ್. ನಾಲ್ಕರಿಂದ ಮುಂದೆ ಸಾಲ ತಂದ ಇರಾನಿ ಪದಗಳು. ಮೂರರವರೆಗೆ ಮನೆ ಮಾತು ಉಳಿಸಿಕೊಂಡಿದ್ದಾರೆ.

ಹೇಗೆ ಹೋಯಿತು ಅನ್ನೋದಕ್ಕೆ ಎರಡು ವಾದ. ಒಂದು: ಅವರು ಹೋಗಲೇ ಇಲ್ಲ, ಸಿಂಧೂ ಕಾಲದಿಂದ ಅಲ್ಲೇ ಉಳಿದವರು. ಇನ್ನೊಂದು: ಸುಮಾರು ಸಾವಿರ ವರ್ಷದ ಹಿಂದೆ ಮಧ್ಯ ಭಾರತದ ಕಡೆಯಿಂದ ಹೋದವರು. ಈ ಎರಡನೆಯದಕ್ಕೆ ಗಟ್ಟಿ ಆಧಾರ ಅಂದರೆ ಸಾಲ ತಂದ ಪದಗಳು. ಬ್ರಾಹೂಯಿಯ ಇರಾನಿ ಪದಗಳು ಹೆಚ್ಚಾಗಿ ಪಕ್ಕದ ಬಲೂಚಿ ಭಾಷೆಯವು, ಬಲೂಚಿ ಆ ಕಡೆ ಬಂದಿದ್ದೇ ತಡವಾಗಿ. ಸಾವಿರಾರು ವರ್ಷ ಅಲ್ಲೇ ಇದ್ದಿದ್ದರೆ ಹಳೇ ಇರಾನಿ ಪದಗಳೂ ಅಂಟಿಕೊಂಡಿರಬೇಕಿತ್ತು ಅಲ್ವಾ? ಜಾರ್ಖಂಡ್, ಛತ್ತೀಸ್‌ಗಢದ ಕುಡುಖ್ ಎಂಬ ದ್ರಾವಿಡ ಭಾಷೆಯಲ್ಲೂ ಕಣ್ಣಿಗೆ ಇದೇ ಗಂಟಲಿನ ಖ. ಮಧ್ಯ ಭಾರತದ ನಂಟಿಗೆ ಇದೂ ಒಂದು ಸುಳಿವು.

ಈಗ ಜೀನು. 2017ರ ಅಧ್ಯಯನದಲ್ಲಿ ಬ್ರಾಹೂಯಿ ಜನ ಪಕ್ಕದ ಬಲೂಚಿಗಳ ಹಾಗೇ ಕಂಡರು. ದಕ್ಷಿಣದವರ ಜೊತೆ ವಿಶೇಷ ನಂಟು ಕಾಣಲಿಲ್ಲ. ಇದನ್ನು ಹಿಡಿದು 'ಹಾಗಾದರೆ ದ್ರಾವಿಡ ಅನ್ನೋದೇ ಸುಳ್ಳು' ಎಂದು ಬರೆದವರನ್ನು ನೋಡಿದ್ದೇನೆ. ತಪ್ಪು. ತಲೆತಲಾಂತರ ಪಕ್ಕದವರ ಜೊತೆ ಮದುವೆ ಆದರೆ ಜೀನು ಪಕ್ಕದವರದ್ದೇ ಆಗುತ್ತದೆ. ತಾಯಿ ಮಗುವಿಗೆ ಹೇಳಿಕೊಟ್ಟ 'ದೀರ್' ಮಾತ್ರ ಉಳಿಯುತ್ತದೆ. ಹೋಗಿ ಬೆರೆತರೋ, ಅಲ್ಲೇ ಇದ್ದು ಬೆರೆತರೋ, ಜೀನು ಒಂದನ್ನೇ ನೋಡಿದರೆ ತೀರ್ಮಾನ ಆಗುವುದಿಲ್ಲ. ನನಗೆ ಸಾಲ ತಂದ ಪದಗಳ ವಾದವೇ ಜಾಸ್ತಿ ಗಟ್ಟಿ ಅನಿಸುತ್ತದೆ.

ಓದುಗ೭೭: ಮೇಡಂ, ಯುರೋಪಿನ ಬಾಸ್ಕ್ ಭಾಷೆ ಬಗ್ಗೆ ಹೇಳಿ.

ಕೋಟೆಬೀದಿ: ಅದೆಲ್ಲ ಬಿಡಿ. ದ್ರಾವಿಡದ ಮೂಲ ತಮಿಳು. ಕನ್ನಡ ಅದರಿಂದ ಹುಟ್ಟಿದ್ದು.

ಹಲ್ಮಿಡಿ ಹುಡುಗ: ಯಾರು ಹೇಳಿದ್ದು? ಕನ್ನಡವೇ ಹಳೇದು.

ಕೋಟೆಬೀದಿ: ಸಂಗಂ ಸಾಹಿತ್ಯ ಓದಿದ್ದೀಯಾ?

ಹಲ್ಮಿಡಿ ಹುಡುಗ: ಏಕವಚನ ಬೇಡ.

ಮೇಡಂ: ಇಬ್ಬರೂ ನಿಲ್ಲಿಸಿ. ನಮ್ಮ ಕಿವಿ ತಮಿಳಿನಲ್ಲಿ ಸೆವಿ. ಇಲ್ಲಿ ಹಳೇ ಕ ಉಳಿಸಿದ್ದು ಕನ್ನಡ. ನಮ್ಮ ಹಾಲು ತಮಿಳಿನಲ್ಲಿ ಪಾಲ್. ಹಳೇ ಪ ಉಳಿಸಿದ್ದು ತಮಿಳು. ಒಂದರಿಂದ ಇನ್ನೊಂದು ಹುಟ್ಟಿಲ್ಲ, ಎರಡಕ್ಕೂ ಒಬ್ಬಳೇ ತಾಯಿ. 20 ದ್ರಾವಿಡ ಭಾಷೆಗಳ ಪದ ಹೋಲಿಸಿದ 2018ರ ಅಧ್ಯಯನ ಇಡೀ ಕುಟುಂಬಕ್ಕೆ ಸುಮಾರು 4500 ವರ್ಷ ಎಂದು ಲೆಕ್ಕ ಹಾಕಿತು.

ಕೋಟೆಬೀದಿ: ಇದು ರಾಜಕೀಯದ ಉತ್ತರ.

ಹಲ್ಮಿಡಿ ಹುಡುಗ: ಸೋತವರು ಹೀಗೇ ಹೇಳೋದು.

ಬಯಲುಸೀಮೆ: ಮೇಡಂ, ಆರ್ಯರು ಹೊರಗಿನವರಾ?

ಮೇಡಂ: ಮೇಲೆ ಬರೆದಿದ್ದೇನೆ.

ಕಡಲತಡಿ: ಎಂಜಲು ಪರೀಕ್ಷೆ ಮಾಡಿಸಿದರೆ ಗೋತ್ರ ಗೊತ್ತಾಗುತ್ತಂತೆ, ಇನ್ನೊಂದು ಮೆಸೇಜ್ ಬಂದಿದೆ.

ಮೇಡಂ: ಗೊತ್ತಾಗುವುದಿಲ್ಲ. ದುಡ್ಡು ಕಳೆದುಕೊಳ್ಳಬೇಡಿ. ಫಾರ್ವರ್ಡ್ ಬಂದದ್ದನ್ನೆಲ್ಲ ಇಲ್ಲಿಗೆ ತರಬೇಡಿ, ದಯವಿಟ್ಟು.

ಕಡಲತಡಿ: ಕೇಳಿದ್ದಕ್ಕೆ ಇಷ್ಟು ಕೋಪ ಯಾಕೆ?

ಕೋಟೆಬೀದಿ: ಉತ್ತರ ಗೊತ್ತಿಲ್ಲದವರಿಗೆ ಕೋಪವೇ ಬರೋದು.

ಅಡ್ಮಿನ್: ಕೋಟೆಬೀದಿ, ಇದು ಕೊನೇ ಎಚ್ಚರಿಕೆ.

ಯಲ್ಲಾಪುರದಿಂದ: ಆಗಲೇ ಕೇಳಿದ್ದೆ, ಜಗಳದಲ್ಲಿ ಮೇಲೆ ಹೋಯಿತು. ನಾನು ಸಿದ್ದಿ. ನಮ್ಮ ಹಿರಿಯರು ಆಫ್ರಿಕಾದವರು. ಮನೆಯಲ್ಲಿ ಕೊಂಕಣಿ, ಹೊರಗೆ ಕನ್ನಡ. ನಮ್ಮದೂ ಬ್ರಾಹೂಯಿ ಥರಾನಾ?

ಮೇಡಂ: ತಡವಾಯಿತು, ಕ್ಷಮಿಸಿ. ನಿಮ್ಮದು ಅದಕ್ಕೆ ಉಲ್ಟಾ. ಅಲ್ಲಿ ಮಾತು ಉಳಿದು ಜೀನು ಬೆರೆಯಿತು. ನಿಮ್ಮಲ್ಲಿ ಜೀನಿನ ಗುರುತು ಉಳಿದು ಮಾತು ಹೋಯಿತು. ಆಫ್ರಿಕಾದ ಬಂಟು ಭಾಷೆಗಳ ಜನರ ಜೊತೆ ಸಿದ್ದಿಗಳ ನಂಟನ್ನು 2011ರ ಅಧ್ಯಯನ ತೋರಿಸಿದೆ. ನಿಮ್ಮ ಹಿರಿಯರು ಬಂದಿದ್ದು ಇತಿಹಾಸ ಕಾಲದಲ್ಲಿ, ಹೆಚ್ಚಿನವರನ್ನು ಗುಲಾಮರಾಗಿ ತಂದರು. ಭಾಷೆ ಹೋಗೋದಕ್ಕೆ ಕೆಲವೇ ತಲೆಮಾರು ಸಾಕಾಯಿತು ನೋಡಿ. ಒಂದು ಕೇಳಲಾ? ದೊಡ್ಡವರ ಹಾಡಿನಲ್ಲಿ ಅರ್ಥ ಗೊತ್ತಿಲ್ಲದ ಪದ ಏನಾದರೂ ಬರುತ್ತದಾ?

ಹಲ್ಮಿಡಿ ಹುಡುಗ: ಮೇಡಂ, ಕಿವಿ ವಿಷಯ ಕೋಟೆಬೀದಿ ಇನ್ನೂ ಒಪ್ಪಿಲ್ಲ.

ಯಲ್ಲಾಪುರದಿಂದ: ಒಂದೆರಡು ಬರ್ತವೆ ಮೇಡಂ. ದೊಡ್ಡಮ್ಮನನ್ನು ಕೇಳಬೇಕು.

ಮೇಡಂ: ಅವರು ಹಾಡಿದ ಹಾಗೇ ರೆಕಾರ್ಡ್ ಮಾಡಿ ಕಳಿಸಿ. ಒಂದಕ್ಷರವೂ ತಿದ್ದಬೇಡಿ.