ಬಂದೂಕು ‘ಜೀರೋ ಮಾಡೋದು’: ಕನ್ನಡದಲ್ಲಿ ಏನನ್ನಬೇಕು?

ನಮಸ್ಕಾರ. ಧಾರವಾಡದಿಂದ ಬರೆಯುತ್ತಿದ್ದೇನೆ. ಒಂದು ಪದ ಬೇಕಾಗಿದೆ.

ನನ್ನ ಅಕ್ಕನ ಮಗ ಅಮೆರಿಕದ ಮಿನೆಸೋಟಾದಲ್ಲಿದ್ದಾನೆ. ಈ ನವೆಂಬರಿನಲ್ಲಿ ಮೊದಲ ಸಲ ಜಿಂಕೆ ಬೇಟೆಗೆ ಹೊರಟಿದ್ದಾನೆ. ಅಲ್ಲಿ ಅದಕ್ಕೆ ಲೈಸೆನ್ಸು, ಸೀಸನ್ನು ಎಲ್ಲಾ ಇವೆ. ಏನೇನು ತಾಲೀಮು ಮಾಡುತ್ತಿದ್ದಾನೆ ಅಂತ ಅಜ್ಜಿಗೆ ಕನ್ನಡದಲ್ಲಿ ಬರೆದು ಓದಿ ಹೇಳಬೇಕಂತೆ. (ಅಜ್ಜಿಗೆ ಬೇಟೆ ಅಂದರೆ ಆಗೋದಿಲ್ಲ, ಆ ಮಾತು ಬಿಡಿ.) ಬರೆಯುತ್ತಾ ‘ಜೀರೋ ಮಾಡು’ ಅನ್ನುವಲ್ಲಿ ಪೆನ್ನು ನಿಂತಿತು.

ಗುರಿ ಹಿಡಿಯೋದು ಹೊಡೆಯುವವನ ಕೆಲಸ. ಜೀರೋ ಮಾಡೋದು ಬಂದೂಕಿಗೆ. ಬಂದೂಕಿನ ಮೇಲೆ ಕೂರಿಸಿದ ದುರ್ಬೀನಿನ ಗೆರೆ ತೋರಿಸಿದಲ್ಲೇ ಗುಂಡು ಬೀಳುವಂತೆ ಹೊಂದಿಸಬೇಕು. ಬೆಂಚಿನ ಮೇಲೆ ಬಂದೂಕು ಆನಿಸಿ, 100 ಗಜ ದೂರದ ಕಾಗದಕ್ಕೆ ಮೂರು ಗುಂಡು ಹೊಡೆಯುತ್ತಾರೆ. ಮೂರೂ ಒತ್ತೊತ್ತಾಗಿ ಬಿದ್ದು, ನಡುವಿನಿಂದ 2 ಇಂಚು ಎಡಕ್ಕಿದ್ದರೆ ಕೈಯ ತಪ್ಪಲ್ಲ. ದುರ್ಬೀನಿನ ತಿರುಪು ತಿರುಗಿಸಬೇಕು. ಸಾಮಾನ್ಯವಾಗಿ ಒಂದು ‘ಟಿಕ್’ಗೆ ಆ ದೂರದಲ್ಲಿ ಕಾಲು ಇಂಚು. ಅಂದರೆ ಬಲಕ್ಕೆ 8 ಟಿಕ್.

ಜಾತ್ರೆಯಲ್ಲಿ ಬಲೂನು ಹೊಡೆಯುವ ಬಂದೂಕು ನೆನಪಿದೆಯಾ? ಎಷ್ಟು ಸರಿ ಹಿಡಿದರೂ ಪಕ್ಕದ ಹಲಗೆಗೆ ಬೀಳುತ್ತಿತ್ತು. ಅಂಗಡಿಯವನು ನಗುತ್ತಾ “ಸ್ವಲ್ಪ ಬಲಕ್ಕ ಹಿಡೀರಿ” ಅನ್ನುತ್ತಿದ್ದ. ಅವನಿಗೆ ಗೊತ್ತಿತ್ತು, ಅಲ್ವಾ! ಆ ಬಂದೂಕಿಗೆ ಆಗದೇ ಉಳಿದ ಕೆಲಸವೇ ಇದು.

‘ಸೊನ್ನೆ ಮಾಡು’ ಅಂದರೆ ಹಾಳು ಮಾಡಿದಂತೆ ಕೇಳುತ್ತದೆ. ‘ಗುರಿ ಹೊಂದಿಸು’ ಪರವಾಗಿಲ್ಲ, ಆದರೆ ಸಪ್ಪೆ. ನನಗೆ ಹಿಡಿಸಿದ್ದು ‘ಗುರಿ ಕೂಡಿಸು’. ಕಛೇರಿಗೆ ಮುಂಚೆ ತಂಬೂರಿಯ ಶ್ರುತಿ ಕೂಡಿಸುತ್ತಾರಲ್ಲ, ಹಾಗೆ. ಹಾಡುವವನು ಎಷ್ಟೇ ಜಾಣನಿದ್ದರೂ ತಂತಿ ಕೂಡದಿದ್ದರೆ ಏನು ಮಾಡಿಯಾನು? ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೆಳೆಯರೊಬ್ಬರು “ಕೂಡಿಸು ಅಂದರೆ ನಮ್ಮ ಕಡೆ ಲೆಕ್ಕ ಕೂಡಿಸೋದು” ಅಂತ ತಕರಾರು ತೆಗೆದರು. ನಾನೇನೂ ಒಪ್ಪಿಲ್ಲ.

ಇನ್ನೆರಡು ಚಿಲ್ಲರೆ ಪದ. ಒತ್ತೊತ್ತಾಗಿ ಬಿದ್ದ ತೂತುಗಳಿಗೆ ‘ಗುಂಪು’ ಬಿಟ್ಟು ‘ಗೊಂಚಲು’ ಅಂದಿದ್ದೇನೆ. ಸದ್ದಿಗೆ, ಹಿಂದೊದೆತಕ್ಕೆ ಹೆದರಿ ಬಂದೂಕಿನ ಕುದುರೆ (ಟ್ರಿಗರ್) ಎಳೆಯುವಾಗಲೇ ಹೊಸಬರ ಭುಜ ಸೆಟೆಯುತ್ತದಲ್ಲ, ಅದಕ್ಕೆ ‘ಅಳುಕು’. ಗುಂಡಿಲ್ಲದೆ ಸುಮ್ನೆ ಕುದುರೆ ಎಳೆದು ಎಳೆದು ಅದನ್ನು ಬಿಡಿಸುತ್ತಾರಂತೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ರಾಣೆಬೆನ್ನೂರಿನ ಕೃಷ್ಣಮೃಗಗಳನ್ನು ಈಗ ನೋಡೋದಷ್ಟೇ, ಅದೇ ಒಳ್ಳೆಯದು. ಆದರೆ ಬೇಟೆಯ ಜೊತೆ ಅದರ ಮಾತೂ ಹೋಯಿತು. ಮಲೆನಾಡಿನವರ ಬಾಯಲ್ಲಿ ‘ಈಡು’ (ಗುಂಡೇಟು), ‘ಕೋವಿ’ (ಬಂದೂಕು) ಕೇಳಿದ್ದೇನೆ. ಗೋಲಿ ಆಡುವಾಗ ನಾವು ಗುರಿ ಹಿಡಿಯೋದಕ್ಕೆ ‘ನೇಮ ಹಿಡಿ’ ಅನ್ನುತ್ತಿದ್ದೆವು, ಮರಾಠಿಯಲ್ಲೂ ಹಾಗೇ. ಹಾನಗಲ್, ಶಿಗ್ಗಾವಿ ಕಡೆಯವರೇ, ನಿಮ್ಮ ಮನೆಯ ಹಿರಿಯರು ಬಂದೂಕು ಎಡಕ್ಕೆ ಎಳೆದರೆ ಅದನ್ನು ಸರಿಮಾಡೋದಕ್ಕೆ ಏನನ್ನುತ್ತಿದ್ದರು? ಕೇಳಿ ಬರೆಯಿರಿ.