ಸಹಾಯ ಬೇಕು: ತಾವೋ ಉಸಿರಾಟದ ಅಭ್ಯಾಸದಲ್ಲಿ ನೆತ್ತಿಯ ಬಿಸಿ ಇಳಿಯುತ್ತಿಲ್ಲ

ಗುಂಪಿನ ಎಲ್ಲ ಸದಸ್ಯರಿಗೂ ನಮಸ್ಕಾರ. ನಾನು ಬೆಂಗಳೂರಿನ ಜಯನಗರದಲ್ಲಿ ವಾಸವಾಗಿದ್ದು, ಕೆಲವು ಕಾಲದಿಂದ ಚೀನಾದ ತಾವೋ ಪರಂಪರೆಯ ಉಸಿರಾಟವನ್ನು ಅಭ್ಯಾಸ ಮಾಡುತ್ತಿದ್ದೇನೆ. ಹೊಕ್ಕುಳಿನ ಕೆಳಗಿನ ದಾನ್‌ತಿಯೆನ್ ಎಂಬ ಕೇಂದ್ರದಲ್ಲಿ ಗಮನವಿಟ್ಟು ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವ ಹಂತದಲ್ಲಿ ನಿದ್ರೆ ಸುಧಾರಿಸಿತು, ಸಿಟ್ಟೂ ತಗ್ಗಿತು (ಇದನ್ನು ನನಗಿಂತ ಮೊದಲು ಗಮನಿಸಿದವರು ಮನೆಯವರು).

ತೊಂದರೆ ಕಾಣಿಸಿಕೊಂಡದ್ದು ಮುಂದಿನ ಹಂತದಲ್ಲಿ. ಚೀ ಎನ್ನುವ ಪ್ರಾಣಶಕ್ತಿಯನ್ನು ಬೆನ್ನೆಲುಬಿನುದ್ದಕ್ಕೂ ಇರುವ ದು ನಾಡಿಯ ಮೂಲಕ ನೆತ್ತಿಗೆ ಏರಿಸಿ, ನಾಲಿಗೆಯ ತುದಿಯನ್ನು ಅಂಗುಳಕ್ಕೆ ತಾಗಿಸಿ, ದೇಹದ ಮುಂಭಾಗದ ರೆನ್ ನಾಡಿಯ ಮೂಲಕ ಮತ್ತೆ ಹೊಟ್ಟೆಗೆ ಇಳಿಸುವ ಕ್ರಮ ಅದು. ನನಗೆ ಏರುವುದು ಸ್ಪಷ್ಟವಾಗಿ ಅನುಭವಕ್ಕೆ ಬರುತ್ತದೆ, ಇಳಿಯುವುದು ಬರುವುದಿಲ್ಲ. ಅಭ್ಯಾಸ ಮುಗಿಸಿ ಕಚೇರಿಗೆ ಹೋದ ಮೇಲೂ ನೆತ್ತಿಯಲ್ಲಿ ಬಿಸಿ, ಹುಬ್ಬುಗಳ ನಡುವೆ ಒತ್ತಡ ಉಳಿದಿರುತ್ತದೆ. ವೈದ್ಯರು ಪರೀಕ್ಷಿಸಿ, ರಕ್ತದೊತ್ತಡ ಸಹಜವಾಗಿದೆ ಎಂದಿದ್ದಾರೆ. ಅವರ ಸಲಹೆಯಂತೆ ಈ ಹಂತವನ್ನು ಸದ್ಯಕ್ಕೆ ನಿಲ್ಲಿಸಿದ್ದೇನೆ.

ಇಂಥ ಅನುಭವವಾದವರು, ಗಮನವನ್ನು ಅಂಗಾಲಿನ ಯೋಂಗ್‌ಚುವಾನ್ ಬಿಂದುವಿಗೆ ತರುವುದರಿಂದಾಗಲಿ, ಮಂಡಿಯನ್ನು ತುಸು ಬಗ್ಗಿಸಿ ಅಲುಗಾಡದೆ ನಿಲ್ಲುವ ಜಾನ್ ಜುವಾಂಗ್ ಅಭ್ಯಾಸದಿಂದಾಗಲಿ ಪ್ರಯೋಜನ ಕಂಡಿದ್ದೀರಾ ಎಂಬುದನ್ನು ದಯವಿಟ್ಟು ತಿಳಿಸಿ. ಬೆಳಿಗ್ಗೆ ಭಸ್ತ್ರಿಕಾ ಪ್ರಾಣಾಯಾಮವನ್ನೂ ಮಾಡುತ್ತೇನೆ. ರಭಸದ ಆ ಉಸಿರಾಟವನ್ನು ಇದರೊಂದಿಗೆ ಬೆರೆಸುವುದು ಸರಿಯಲ್ಲವೇನೋ ಎಂಬ ಅನುಮಾನವೂ ನನಗಿದೆ. ಕುಂಡಲಿನಿ ಜಾಗೃತವಾಗಿದೆ ಎಂಬಂಥ ಅಭಿನಂದನೆಗಳು ಬೇಡ. ಬನಶಂಕರಿ, ಬಸವನಗುಡಿ ಅಥವಾ ಜೆ.ಪಿ. ನಗರದ ಸುತ್ತಮುತ್ತ ಚೀಗಾಂಗ್ ಅನ್ನು (ಉಸಿರು, ಗಮನ, ಚಲನೆಗಳ ಈ ಬಗೆಯ ಚೀನೀ ಅಭ್ಯಾಸ) ಎದುರಿಗೆ ಕೂರಿಸಿಕೊಂಡು ತಿದ್ದಿ ಕಲಿಸುವ ಗುರುಗಳು ತಮಗೆ ಪರಿಚಿತರಿದ್ದರೆ, ಖಾಸಗಿ ಸಂದೇಶದಲ್ಲಿ ತಿಳಿಸಬೇಕಾಗಿ ವಿನಂತಿ.