38 ಲಕ್ಷ ಸಾಲುಗಳ ಎಸ್‌ಕ್ಯೂಲೈಟ್ ಅಪ್‌ಡೇಟ್ ಮುಗಿಯುತ್ತಲೇ ಇಲ್ಲ, ಮೆಮೊರಿಯೂ ತುಂಬುತ್ತಿದೆ

ಪ್ರಶ್ನೆ:
ನಮಸ್ಕಾರ. ಕನ್ನಡ ಪದಗಳನ್ನೂ ಅವು ಎಷ್ಟು ಸಲ ಬಂದಿವೆ ಅನ್ನುವ ಎಣಿಕೆಯನ್ನೂ ಎಸ್‌ಕ್ಯೂಲೈಟ್ ಅನ್ನುವ ಡೇಟಾಬೇಸ್‌ನಲ್ಲಿ ಕೂಡಿಹಾಕಿದ್ದೇನೆ. ‘ಕೊಡ’ ಅಂತ ಹುಡುಕಿದರೆ ಕೆಲವು ಸಾಲು ಸಿಗುವುದಿಲ್ಲ. ಕೆಲವು ಕಡೆ ಒಕಾರದ ಚಿಹ್ನೆ ಒಂದೇ ಯೂನಿಕೋಡ್ ಸಂಕೇತ, ಕೆಲವು ಕಡೆ ಎಕಾರ, ಊಕಾರದ ಎರಡು ತುಣುಕು. ಕಣ್ಣಿಗೆ ಎರಡೂ ಒಂದೇ!

ಪೈಥಾನ್‌ನಲ್ಲಿ ಫೆಚ್‌ಆಲ್ ಮಾಡಿ (ಎಲ್ಲ ಸಾಲನ್ನೂ ಒಟ್ಟಿಗೆ ಓದಿಕೊಂಡು), ಒಂದೊಂದೇ ಪದವನ್ನು ಎನ್‌ಎಫ್‌ಸಿ (ತುಣುಕುಗಳನ್ನು ಒಂದೇ ಸಂಕೇತವಾಗಿ ಕೂಡಿಸುವ ಯೂನಿಕೋಡ್) ರೂಪಕ್ಕೆ ತಂದು, ಐಡಿ ಹಿಡಿದು ಅಪ್‌ಡೇಟ್, ತಕ್ಷಣ ಕಮಿಟ್ (ಬದಲಾವಣೆಯನ್ನು ಖಾಯಂ ಮಾಡುವುದು). ರಾತ್ರಿ ಓಡಲು ಬಿಟ್ಟು ಮಲಗಿದೆ, ಬೆಳಿಗ್ಗೆ ಅರ್ಧವೂ ಆಗಿರಲಿಲ್ಲ. ಹಳೆ ಲ್ಯಾಪ್‌ಟಾಪ್, 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್.

ಉತ್ತರ:
ಕಮಿಟ್ ಅನ್ನು ಲೂಪಿನಿಂದ ಹೊರಗೆ ತನ್ನಿ. ಪ್ರತಿ ಕಮಿಟ್‌ಗೂ ಎಸ್‌ಕ್ಯೂಲೈಟ್, ಡಿಸ್ಕ್ ‘ಬರೆದೆ’ ಅನ್ನುವವರೆಗೆ ಕಾಯುತ್ತದೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕ್‌ನಲ್ಲಿ ಸೆಕೆಂಡಿಗೆ 60 ಕಮಿಟ್ ಆದರೆ ಹೆಚ್ಚು. 38 ಲಕ್ಷವನ್ನು ಭಾಗಿಸಿ ನೋಡಿ, 17 ಗಂಟೆ ಮೀರುತ್ತದೆ.

ಫೆಚ್‌ಆಲ್ ಕೂಡ ಬೇಡ, ರ‍್ಯಾಮ್ ತಿನ್ನುತ್ತಿರುವುದು ಅದೇ. ‘ಕೊನೆಗೆ ನೋಡಿದ ಐಡಿಗಿಂತ ದೊಡ್ಡವು, ಐಡಿ ಕ್ರಮದಲ್ಲಿ, 10,000 ಮಾತ್ರ’ ಅಂತ ಕೇಳಿ. ಅಷ್ಟನ್ನೂ ಎಕ್ಸಿಕ್ಯೂಟ್‌ಮೆನಿ ಅನ್ನುವ ಒಂದೇ ಕರೆಯಲ್ಲಿ ಬರೆಯಿರಿ, ಒಂದು ಕಮಿಟ್, ಮುಂದಿನ ಕಂತು. ನಡುವೆ ಕರೆಂಟ್ ಹೋದರೂ ಹೋಗುವುದು ಒಂದೇ ಕಂತು.

ಇನ್ನೊಂದು. ಬಹುಪಾಲು ಪದಗಳು ಈಗಾಗಲೇ ಸರಿಯಾಗಿಯೇ ಇರುತ್ತವೆ, ಅಲ್ವಾ? ಹಳೆಯದೂ ಹೊಸದೂ ಒಂದೇ ಆಗಿದ್ದರೆ ಸುಮ್ನೆ ಯಾಕೆ ಬರೆಯಬೇಕು, ಬಿಟ್ಟುಬಿಡಿ. ಇಲ್ಲೂ ಉಳಿತಾಯ ಇದೆ. ಸಿಂಕ್ರೊನಸ್ (ಡಿಸ್ಕ್‌ಗಾಗಿ ಕಾಯುವ ಸೆಟ್ಟಿಂಗ್) ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬರೆಯುವಾಗ ಕರೆಂಟ್ ಹೋದರೆ ಫೈಲೇ ಕೆಡಬಹುದು.

ಪ್ರಶ್ನೆ ಕೇಳಿದವರು:
ಹಾರಿತು ಸಾರ್! ಆದರೆ ಮೂರನೇ ಕಂತಿಗೆ ಯುನೀಕ್ ಎರರ್ (ಒಂದೇ ಪದ ಎರಡು ಸಲ ಇರುವಂತಿಲ್ಲ ಅಂತ) ಬಂದು ನಿಂತಿತು. ಹಳೆ ಕೋಡ್‌ನಲ್ಲಿ ಎರರ್ ಬಂದರೆ ಬಿಟ್ಟು ಮುಂದೆ ಹೋಗು ಅಂತ ಬರೆದಿದ್ದೆ, ಹಾಗಾಗಿ ಗೊತ್ತೇ ಆಗಿರಲಿಲ್ಲ.

ಉತ್ತರ:
ಕೋಡ್‌ನ ಆ ಸಾಲನ್ನು ತೆಗೆಯದಿದ್ದರೆ ಇನ್ನೂ ಎಷ್ಟು ದಿನ ಗೊತ್ತಾಗುತ್ತಿರಲಿಲ್ಲವೋ. ಒಂದೇ ಪದದ ಎರಡು ರೂಪವೂ ಟೇಬಲ್‌ನಲ್ಲಿವೆ, ಎಣಿಕೆ ಹಂಚಿಹೋಗಿದೆ. ಅಪ್‌ಡೇಟ್ ಬಿಟ್ಟು, ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲವೂ ಆಗಬೇಕು, ಇಲ್ಲವೇ ಯಾವುದೂ ಆಗಬಾರದು) ಟೇಬಲ್‌ನ ಹಳೆ ಸಾಲನ್ನು ಡಿಲೀಟ್ ಮಾಡಿ, ಸರಿರೂಪವನ್ನು ಇನ್ಸರ್ಟ್ ಮಾಡಿ. ಆ ಪದ ಆಗಲೇ ಇದ್ದರೆ, ಆನ್ ಕಾನ್‌ಫ್ಲಿಕ್ಟ್ ಮೂಲಕ ಇದ್ದ ಎಣಿಕೆಗೆ ಹೊಸದನ್ನು ಕೂಡಿಸಲಿ. ಇದಕ್ಕೆ ಎಸ್‌ಕ್ಯೂಲೈಟ್ 3.24 ಅಥವಾ ಅದಕ್ಕಿಂತ ಹೊಸದು ಬೇಕು. ಮೊದಲು ಫೈಲಿನ ಕಾಪಿ ತೆಗೆದಿಡಿ.

ಪ್ರಶ್ನೆ ಕೇಳಿದವರು:
6 ನಿಮಿಷ. ಮೆಮೊರಿ 40 ಎಂಬಿ ದಾಟಲಿಲ್ಲ. ಕೊಡ ಸಿಕ್ಕಿತು!